ನಿದ್ದೆ ಮಾಡಿದರೆ ಮನಸ್ಸಿನ ಭಯ ಅಳಿಸಿಹೋಗುತ್ತದೆಯೇ?

'ಮಲಗುವ ಮುನ್ನ ಸುಪ್ತ ಮನಸ್ಸಿಗೆ ಹೇಳಿಕೊಳ್ಳಿ, ಬೆಳಗಾಗುವಷ್ಟರಲ್ಲಿ ಆಘಾತ ಮಾಯ' ಎನ್ನುವಂಥ ಫಾರ್ವರ್ಡ್‌ಗಳಲ್ಲಿ ಅರ್ಧ ನಿಜ, ಅರ್ಧ ಸುಳ್ಳು.

2021ರ ಅಕ್ಟೋಬರ್‌ನಲ್ಲಿ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರದ ಸುತ್ತಮುತ್ತ ಭೂಮಿ ಮತ್ತೆ ಮತ್ತೆ ಕಂಪಿಸಿತು. 11ರ ರಾತ್ರಿಯ ಕಂಪನದ ತೀವ್ರತೆ 4.1. ಜನ ಮನೆಯೊಳಗೆ ಮಲಗಲು ಹೆದರಿ ಬಯಲಲ್ಲಿ ರಾತ್ರಿ ಕಳೆದರು. 1993ರ ಕಿಲ್ಲಾರಿ ದುರಂತ ಈ ಭಾಗದವರಿಗೆ ದೂರದ ಸುದ್ದಿಯೇನಲ್ಲ.

ಇಂಥ ಅನುಭವವಾದವರಿಗೆ ಸೇಡಂನಲ್ಲೋ, ಚಿತ್ತಾಪುರ ತಾಲ್ಲೂಕಿನ ವಾಡಿಯಲ್ಲೋ ಸಿಮೆಂಟ್ ಲಾರಿ ಹಾದರೂ, ಶಹಾಬಾದ್ ಕಡೆ ಕಲ್ಲುಗಣಿಯ ಸದ್ದು ಕೇಳಿದರೂ ಎದೆ ಧಸಕ್ ಎನ್ನಬಹುದು. ನಾವು ಯೋಚಿಸುವ ಮೊದಲೇ ಮಿದುಳಿನ ಅಮಿಗ್ಡಾಲ ಎಂಬ ಭಾಗ ಎಚ್ಚರಿಕೆ ಕೊಟ್ಟಿರುತ್ತದೆ. ಇದಕ್ಕೆ ಯಾರನ್ನೂ ಪುಕ್ಕಲರೆಂದು ಹಂಗಿಸಬಾರದು.

ಚೇತರಿಕೆಯೂ ಬಹುಪಾಲು ಹೀಗೆಯೇ, ನಮ್ಮ ಅರಿವಿಗೆ ಬಾರದೆ ನಡೆಯುತ್ತದೆ. ಲಾರಿ ಹೋಯಿತು, ಏನೂ ಆಗಲಿಲ್ಲ. ಹತ್ತಾರು ಸಲ ಹೀಗಾದಾಗ 'ಈ ಸದ್ದಿನಿಂದ ಅಪಾಯವಿಲ್ಲ' ಎಂಬ ಹೊಸ ಪಾಠವನ್ನು ಮಿದುಳು ಕಲಿಯುತ್ತದೆ. ಹಳೆಯ ನೆನಪು ಅಳಿಯುವುದಿಲ್ಲ, ಹೊಸದು ಅದನ್ನು ಹಿಡಿತದಲ್ಲಿಡುತ್ತದೆ ಅಷ್ಟೆ. ಈ ಪಾಠ ಗಟ್ಟಿಯಾಗಲು ನಿದ್ದೆ, ಅದರಲ್ಲೂ ಕನಸು ಬೀಳುವ ಹಂತದ ನಿದ್ದೆ ನೆರವಾಗುತ್ತದೆ. ಕಷ್ಟವೆಂದರೆ, ಕಂಪನದ ದಿನಗಳಲ್ಲಿ ಮೊದಲು ಕೆಡುವುದೂ ಅದೇ.

ಹೆಚ್ಚಿನವರು ಕೆಲವು ವಾರಗಳಲ್ಲಿ ಸುಧಾರಿಸಿಕೊಳ್ಳುತ್ತಾರೆ. 'ನಡೆದದ್ದೆಲ್ಲ ಹೇಳಿಬಿಡು' ಎಂದು ಅವರನ್ನು ಒತ್ತಾಯಿಸಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯೂ ಇದೇ. ತಿಂಗಳು ಕಳೆದರೂ ಬೆಚ್ಚಿಬೀಳುವುದು, ಕೆಟ್ಟ ಕನಸು, ಮನೆಯೊಳಗೆ ಕಾಲಿಡಲಾಗದ ಭಯ ಹಾಗೇ ಉಳಿದರೆ ಸುಪ್ತ ಮನಸ್ಸನ್ನು ನಂಬಿ ಕೂರುವಂತಿಲ್ಲ. ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಉಚಿತ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.