ಐವತ್ತರ ಲೆನ್ಸ್ ಯಾಕ ಸೋವಿ?

ಹೋದ ವಾರ ಎದುರು ಮನಿ ವೈನಿ ಬಂದಿದ್ರು. "ಮಗ ಬಿಟ್ಟು ಹೋದ ಕ್ಯಾಮೆರಾ ಸುಮ್ನ ಬಿದ್ದದ, ನಾನೂ ಕಲೀಬೇಕಂತ ಮಾಡೇನಿ. ಅಂಗಡಿಯವ ಉದ್ದನ್ನ ಝೂಮ್ ಲೆನ್ಸ್ ತಗೋರಿ ಅಂತಾನ. ಭಿಶಿ ರೊಕ್ಕ ಎಲ್ಲಾ ಅದಕ್ಕೇ ಹೋಗ್ತದ. ಏನ್ ಮಾಡ್ಲಿ?" ಅಂದ್ರು.

ತಡೀರಿ ಅಂದೆ. ಯಾಕಂದ್ರ ನಾನೂ ಹಂಗ ಕೂಡಿಟ್ಟ ರೊಕ್ಕ ಝೂಮಿಗೆ ಸುರುವಿ ಕೂತಾಕಿ. ಮೊಮ್ಮಗಳನ್ನ ತೊಟ್ಟಿಲಕ್ಕ ಹಾಕೋ ದಿನ, ನಡುಮನ್ಯಾಗ ಬೆಳಕು ಕಡಿಮಿ. ತಗದ ಫೋಟೋ ಎಲ್ಲಾ ಮಸುಕು. ಕೂಸಿನ ಮಾರಿನೂ ಕಾಣಲಿಲ್ಲ, ಹಾಡೋ ಹೆಣ್ಮಕ್ಕಳ ಮಾರಿನೂ ಕಾಣಲಿಲ್ಲ. ಆ ದಿನ ತಿರುಗಿ ಬರೂದಿಲ್ಲ ನೋಡ್ರಿ. ಆಮ್ಯಾಲೆ ಕಂಪನಿಯ ಪಟ್ಟಿಯೊಳಗ ಎಲ್ಲಾಕಿಂತ ಸೋವಿ ಇದ್ದ 50 ಮಿ.ಮೀ. ಲೆನ್ಸ್ ತಗೊಂಡೆ. ಅದೇ ಮನಿ, ಅದೇ ಬೆಳಕು, ಫೋಟೋ ಸ್ವಚ್ಛ ಬಂತು. ಸೋವಿದು ಹೆಂಗ ಚಲೋ ಆತು ಅಂತ ಹುಡುಕಿಕೊಂಡು ಹೋದಾಗ ನೂರು ವರ್ಷಕ್ಕೂ ಹಿಂದಿನ ಕಥಿ ಸಿಕ್ಕಿತು.

1896ರಾಗ ಜರ್ಮನಿಯ ಝೈಸ್ ಕಂಪನಿಯ ಪಾಲ್ ರುಡಾಲ್ಫ್ ಅನ್ನವರು ಪ್ಲಾನಾರ್ ಅನ್ನೋ ಲೆನ್ಸ್ ರೂಪಿಸಿದ್ರು. ಗಣಿತಜ್ಞ ಗೌಸ್ ದುರ್ಬೀನಿಗಂತ ಹೇಳಿದ್ದ ಗಾಜಿನ ಜೋಡಿಯನ್ನ ಇವರು ಎರಡು ಸಲ, ಎದುರಾಬದುರಾ ಇಟ್ರು. ನಡುವ ಬೆಳಕಿನ ಕಿಂಡಿ, ಆ ಕಡೆ ಮೂರು ಗಾಜು, ಈ ಕಡೆ ಮೂರು. ಒಂದು ಕಡೆಯ ದೋಷವನ್ನ ಇನ್ನೊಂದು ಕಡೆ ಸರಿ ಮಾಡ್ತದ.

ಆದ್ರ ಒಂದು ತೊಡಕಿತ್ತು. ಗಾಳಿಗೆ ತಾಗೋ ಗಾಜಿನ ಒಂದೊಂದು ಮೈಯೂ ಸುಮಾರು ನೂರಕ್ಕ ನಾಕು ಪಾಲು ಬೆಳಕನ್ನ ತಿರುಗಿ ಕಳಿಸ್ತದ. ಪ್ಲಾನಾರ್‌ನಾಗ ಅಂಥಾ ಮೈ ಎಂಟು. ಕಾಲು ಭಾಗಕ್ಕಿಂತ ಹೆಚ್ಚು ಬೆಳಕು ಹಾಳು. ಅದರಾಗ ಒಂದಷ್ಟು ಒಳಗೇ ಅಡ್ಡಾಡಿ ಚಿತ್ರ ತೆಳ್ಳಗ ಮಾಡ್ತಿತ್ತು. ಹಿಂಗಾಗಿ 1902ರಾಗ ಬಂದ ನಾಕೇ ಗಾಜಿನ ಟೆಸ್ಸಾರ್ ಲೆನ್ಸೇ ಗೆದ್ದಿತು.

1925ರಾಗ ಲೈಪ್‌ಝಿಗ್ ಜಾತ್ರಿಯೊಳಗ ಲೈಕಾ ಕ್ಯಾಮೆರಾ ಬಂತು. ಆಸ್ಕರ್ ಬಾರ್ನಾಕ್ ಅದನ್ನ ಸಿನಿಮಾ ರೀಲು ಹಾಕಿ ಕೈಯಾಗ ಹಿಡಿಯೋ ಹಂಗ ಮಾಡಿದ್ರು. ಅದಕ್ಕ ಮ್ಯಾಕ್ಸ್ ಬೆರೆಕ್ ಅನ್ನವರು ಮಾಡಿದ ಲೆನ್ಸ್ 50 ಮಿ.ಮೀ.ದು. ಸಣ್ಣ ಕ್ಯಾಮೆರಾಕ್ಕ ಐವತ್ತು ಅನ್ನೋ ಲೆಕ್ಕ ಕೂತಿದ್ದು ಅಲ್ಲಿಂದ. 1948ರಾಗ ದಿಲ್ಲಿಯೊಳಗ ಗಾಂಧೀಜಿಯ ಅಂತ್ಯಯಾತ್ರೆಯ ಫೋಟೋ ತಗದ ಕಾರ್ತಿಯೆ ಬ್ರೆಸೋನ್ ತಮ್ಮ ಹೆಚ್ಚಿನ ಕೆಲಸ ಐವತ್ತರ ಲೆನ್ಸಿನಾಗೇ ಮಾಡಿದವರು.

1935ರಾಗ ಝೈಸ್‌ನ ಸ್ಮಾಕುಲಾ ಗಾಜಿನ ಮ್ಯಾಲೆ ತೆಳು ಲೇಪ ಹಚ್ಚಿ, ಬೆಳಕು ವಾಪಸ್ ಹೋಗೂದನ್ನ ಕಡಿಮಿ ಮಾಡಿದ್ರು. ಮಹಾಯುದ್ಧ ಮುಗದ ಮ್ಯಾಲೆ ಈ ಲೇಪ ಎಲ್ಲಾ ಕಡೆ ಬಂತು, ರುಡಾಲ್ಫ್‌ನ ಆರು ಗಾಜಿನ ಲೆನ್ಸಿಗೆ ಜೀವ ಬಂತು. 1960–70ರ ಹೊತ್ತಿಗೆ ಕ್ಯಾಮೆರಾ ತಗೊಂಡ್ರ ಜೋಡಿ ಐವತ್ತರ ಲೆನ್ಸೇ ಬರ್ತಿತ್ತು. ಲಕ್ಷಗಟ್ಟಲೆ ಮಾಡಿ ಮಾಡಿ ಕೈ ಪಳಗಿತು, ಖರ್ಚು ಇಳೀತು. ಮುಂದ ಜೋಡಿ ಕೊಡೋ ಜಾಗಾ ಝೂಮಿಗೆ ಹೋತು. 1990ರಾಗ ಕ್ಯಾನನ್ ಐವತ್ತರ ಲೆನ್ಸಿಗೆ ಪ್ಲಾಸ್ಟಿಕ್ ಮೈ, ಪ್ಲಾಸ್ಟಿಕ್ ಬುಡ ಹಾಕಿ ತೂಕ 130 ಗ್ರಾಮಿಗೆ ಇಳಿಸಿತು. ಕಡಿಮಿ ಆಗಿದ್ದು ಮೈಗೆ ಹಾಕಿದ ಖರ್ಚು. ಒಳಗಿನ ಗಾಜು ಆರಕ್ಕ ಆರೂ ಇದ್ವು. 2015ರ ಹೊಸ ಮಾದರಿಗೆ ಬುಡ ಮತ್ತ ಲೋಹದ್ದಾತು.

ಇದರ ಮ್ಯಾಲೆ 1.8 ಅಂತ ಬರದಿರ್ತದ. ಈ ಅಂಕಿ ಸಣ್ಣದಾದಷ್ಟೂ ಕಿಂಡಿ ದೊಡ್ಡದು. ನನ್ನ ಝೂಮಿನ ಕಿಂಡಿ ಎಳದಾಗ 5.6ಕ್ಕ ನಿಲ್ತದ. ಅದಕ್ಕ ಹೋಲಿಸಿದ್ರ 1.8ರಾಗ ಒಂಬತ್ತು ಪಟ್ಟಿಗಿಂತ ಹೆಚ್ಚು ಬೆಳಕು ಒಳಗ ಬರ್ತದ. ತೊಟ್ಟಿಲದ ದಿನ ನನಗ ಬೇಕಾಗಿದ್ದದ್ದು ಇದು.

ವೈನಿಗೆ ಮೂರು ಮಾತು ಹೇಳೇನಿ. ಒಂದು, ಇದರಾಗ ಝೂಮ್ ಇಲ್ಲ, ನಾವೇ ಹಿಂದ ಮುಂದ ನಡೀಬೇಕು. ಎರಡು, ನಮ್ಮಂಥವರ ಕ್ಯಾಮೆರಾದ ಸೆನ್ಸರ್ ಹಳೇ ರೀಲಿಗಿಂತ ಸಣ್ಣದು, ಅದರಾಗ 50 ಅನ್ನೂದು 75–80ರಷ್ಟು ಹತ್ರ ಎಳೀತದ. ಸಣ್ಣ ಖೋಲ್ಯಾಗ ಬೆನ್ನು ಗ್ವಾಡಿಗೆ ಹತ್ತತದ. ಮನಿಯೊಳಗೇ ಹೆಚ್ಚು ತಗಿಯೋರಿಗೆ 35 ಮಿ.ಮೀ. ಚಲೋ. ಮೂರು, ನಿಕಾನ್ ಇದ್ದವರು ಹಳೇ ಡಿ ಮಾದರಿ ತಗೊಳ್ಳೋ ಮೊದಲು ಕೇಳ್ರಿ. ಒಳಗ ಮೋಟರ್ ಇಲ್ಲದ ಕ್ಯಾಮೆರಾಕ್ಕ ಹಾಕಿದ್ರ ಕೈಲೇ ತಿರುವಿ ಫೋಕಸ್ ಮಾಡಬೇಕಾಗ್ತದ.

ಅವರದೂ ನನ್ನ ಕಂಪನಿಯದೇ ಕ್ಯಾಮೆರಾ. ನಾಳೆ ಸಂಜಿಗೆ ನನ್ನ ಲೆನ್ಸ್ ತಗೊಂಡು ಹೊಂಟೇನಿ. ಅವರ ದೇವರ ಮನ್ಯಾಗ ದೀಪ ಹಚ್ಚಿದ ಮ್ಯಾಲೆ, ದೊಡ್ಡ ದೀಪ ಹಾಕಲಾರದ, ಇಬ್ಬರೂ ತಗದು ನೋಡ್ತೇವಿ. ಭಿಶಿ ರೊಕ್ಕದ ಮಾತು ಆಮ್ಯಾಲೆ.