ವಿಭಾಗೀಯ ಸ್ನಾತಕೋತ್ತರ ವಿದ್ಯಾರ್ಥಿ ಪರಿಷತ್ತು: ರಚನೆ ಮತ್ತು ನಿರ್ವಹಣೆ

ಮುಂಬಯಿ, ಪುಣೆ, ಹೈದರಾಬಾದ್, ಚೆನ್ನೈ, ದೆಹಲಿ ಮೊದಲಾದ ಮಹಾನಗರಗಳಲ್ಲಿ ನೆಲೆಸಿರುವ ನಮ್ಮ ಕನ್ನಡ ಕುಟುಂಬಗಳ ಅನೇಕ ಮಕ್ಕಳು ಇಂದು ಸ್ನಾತಕೋತ್ತರ ಪದವಿ ಹಾಗೂ ಪಿಎಚ್.ಡಿ. ವ್ಯಾಸಂಗದಲ್ಲಿ ತೊಡಗಿದ್ದಾರೆ. ಅವರ ದಿನಚರಿ ಬಹುಮಟ್ಟಿಗೆ ಸಾಗುವುದು ವಿಶ್ವವಿದ್ಯಾಲಯದ ಒಂದು ವಿಭಾಗದೊಳಗೆ. ಆ ವಿಭಾಗದ ವಿದ್ಯಾರ್ಥಿಗಳು ತಮ್ಮೊಳಗಿನಿಂದಲೇ ಆರಿಸಿಕೊಳ್ಳುವ ಪ್ರತಿನಿಧಿ ಮಂಡಳಿಗೆ ವಿಭಾಗೀಯ ವಿದ್ಯಾರ್ಥಿ ಪರಿಷತ್ತು ಎನ್ನಬಹುದು. ಇದರ ರಚನೆ, ನಿಯಮ ಮತ್ತು ನಿರ್ವಹಣೆಗೆ ಸಂಬಂಧಿಸಿದ ಮುಖ್ಯ ಸಂಗತಿಗಳನ್ನು ಓದುಗರ ಅನುಕೂಲಕ್ಕಾಗಿ ಇಲ್ಲಿ ಸಂಗ್ರಹಿಸಿ ಕೊಡುತ್ತಿದ್ದೇವೆ.

ಪರಿಷತ್ತಿನ ಅಗತ್ಯ

ಪದವಿ ತರಗತಿಯ ವಿದ್ಯಾರ್ಥಿಗೆ ಹಲವು ಅಧ್ಯಾಪಕರಿರುತ್ತಾರೆ. ಸಂಶೋಧನಾರ್ಥಿಗಳಾದರೋ ಹೆಚ್ಚಾಗಿ ಒಬ್ಬ ಮಾರ್ಗದರ್ಶಕರನ್ನೇ ಅವಲಂಬಿಸಿರುತ್ತಾರೆ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2022ರ ನಿಯಮಗಳ ಪ್ರಕಾರ ಪಿಎಚ್.ಡಿ. ಅಧ್ಯಯನದ ಕನಿಷ್ಠ ಅವಧಿ 3 ವರ್ಷ, ಗರಿಷ್ಠ ಅವಧಿ 6 ವರ್ಷ; ಮರುನೋಂದಣಿಯ ಮೂಲಕ ವಿಸ್ತರಣೆಗೂ ಅವಕಾಶವುಂಟು. ಇಷ್ಟು ದೀರ್ಘಕಾಲ ಪ್ರಗತಿ ವರದಿಗೂ ಫೆಲೋಶಿಪ್ ಕಾಗದಪತ್ರಗಳಿಗೂ ಮಾರ್ಗದರ್ಶಕರ ಮತ್ತು ವಿಭಾಗದ ಮುಖ್ಯಸ್ಥರ ಸಹಿಯನ್ನೇ ಕಾಯಬೇಕಾದವರು ತಮ್ಮ ಕಷ್ಟವನ್ನು ಒಬ್ಬರೇ ಹೇಳಿಕೊಳ್ಳಲು ಹಿಂಜರಿಯುವುದು ಸಹಜ. ಅದೇ ಮಾತನ್ನು ಪರಿಷತ್ತು ಎಲ್ಲರ ಪರವಾಗಿ ಹೇಳಿದಾಗ ಅದು ಯಾರೊಬ್ಬರ ದೂರೂ ಆಗದೆ ವಿಭಾಗದ ಸಮಸ್ಯೆಯಾಗಿ ಪರಿಗಣಿತವಾಗುತ್ತದೆ. ಪರಿಷತ್ತಿನ ನಿಜವಾದ ಪ್ರಯೋಜನ ಇದೇ ಎಂದು ನಾವು ಭಾವಿಸುತ್ತೇವೆ.

ನಿಯಮಗಳ ಹಿನ್ನೆಲೆ

ವಿದ್ಯಾರ್ಥಿ ಸಂಘಗಳ ಚುನಾವಣೆಗಳಲ್ಲಿ ಹಣ ಮತ್ತು ತೋಳ್ಬಲದ ಪ್ರಭಾವ ಹೆಚ್ಚಿದ ಹಿನ್ನೆಲೆಯಲ್ಲಿ ಮಾಜಿ ಮುಖ್ಯ ಚುನಾವಣಾ ಆಯುಕ್ತ ಜೆ. ಎಂ. ಲಿಂಗ್ಡೊ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದು ರಚನೆಯಾಯಿತು. ಕೇರಳ ವಿಶ್ವವಿದ್ಯಾಲಯದ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2006ರ ಸೆಪ್ಟೆಂಬರ್ 22ರಂದು ಆ ಸಮಿತಿಯ ಶಿಫಾರಸುಗಳನ್ನು ಪಾಲಿಸುವಂತೆ ಆದೇಶಿಸಿತು. ಶಿಫಾರಸುಗಳಲ್ಲಿ ಮುಖ್ಯವಾದವು ಇವು:

- ಶೈಕ್ಷಣಿಕ ವರ್ಷ ಆರಂಭವಾದ 6ರಿಂದ 8 ವಾರಗಳೊಳಗೆ ವರ್ಷಕ್ಕೊಮ್ಮೆ ಚುನಾವಣೆ ನಡೆಯಬೇಕು.
- ನಾಮಪತ್ರ ಸಲ್ಲಿಕೆಯಿಂದ ಫಲಿತಾಂಶದವರೆಗೆ 10 ದಿನ ಮೀರಬಾರದು.
- ಅಭ್ಯರ್ಥಿಯೊಬ್ಬರ ಖರ್ಚು 5,000 ರೂಪಾಯಿಗೆ ಸೀಮಿತ. ಫಲಿತಾಂಶ ಬಂದ ಎರಡು ವಾರಗಳೊಳಗೆ ಲೆಕ್ಕ ಒಪ್ಪಿಸಬೇಕು.
- ಮುದ್ರಿತ ಭಿತ್ತಿಪತ್ರಗಳಿಗೆ ಅವಕಾಶವಿಲ್ಲ. ಕೈಬರಹದವು ಮಾತ್ರ ಸಲ್ಲುತ್ತವೆ.
- ಹಾಜರಾತಿ ಕನಿಷ್ಠ ಶೇ. 75 ಇರಬೇಕು, ಸಂಶೋಧನಾರ್ಥಿಗಳಿಗೆ ವಯೋಮಿತಿ 28 ವರ್ಷ.
- ಪದಾಧಿಕಾರಿ ಸ್ಥಾನಕ್ಕೆ ಒಮ್ಮೆ, ಕಾರ್ಯಕಾರಿ ಸದಸ್ಯತ್ವಕ್ಕೆ ಎರಡು ಬಾರಿ ಮಾತ್ರ ಸ್ಪರ್ಧಿಸಬಹುದು.

ಈ ಕಟ್ಟಳೆಗಳ ಪಾಲನೆಯ ಪ್ರಶ್ನೆಯಿಂದಾಗಿಯೇ ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದ ವಿದ್ಯಾರ್ಥಿ ಸಂಘದ ಚುನಾವಣೆಗೆ 2008ರಲ್ಲಿ ತಡೆ ಬಿದ್ದು, 2012ರಲ್ಲಷ್ಟೇ ಅದು ಮತ್ತೆ ನಡೆಯಿತು. ಕರ್ನಾಟಕದಲ್ಲಿ 1980ರ ದಶಕದ ಕೊನೆಯಲ್ಲಿಯೇ ಇಂತಹ ಚುನಾವಣೆಗಳು ನಿಂತವು. ಮಹಾರಾಷ್ಟ್ರದಲ್ಲಿ 1994ರ ಕಾಯ್ದೆಯು ಅಂಕಗಳ ಆಧಾರದಿಂದ ಪ್ರತಿನಿಧಿಗಳನ್ನು ನೇಮಿಸುವ ಪದ್ಧತಿ ತಂದಿತು. 2016ರ ಕಾಯ್ದೆಯು ಚುನಾವಣೆಗೆ ಮರಳಿ ಅವಕಾಶ ಕಲ್ಪಿಸಿದುದಲ್ಲದೆ ವಿಶ್ವವಿದ್ಯಾಲಯದ ಬೋಧನಾ ವಿಭಾಗಗಳಿಗೆ ಪ್ರತ್ಯೇಕ ವಿದ್ಯಾರ್ಥಿ ಪರಿಷತ್ತನ್ನೂ ಹೇಳಿತು. ಚುನಾವಣೆ ನಡೆಯದ ಕಡೆಗಳಲ್ಲಿಯೂ ವಿಭಾಗದ ಮಟ್ಟದಲ್ಲಿ ತರಗತಿ ಪ್ರತಿನಿಧಿಗಳ ಸಭೆ ಕರೆಯುವುದಕ್ಕೆ ಅಡ್ಡಿಯೇನಿಲ್ಲ.

ಆಡಳಿತದ ಕ್ರಮ

ನಮ್ಮ ಕನ್ನಡ ಸಂಘಗಳ ವಾರ್ಷಿಕ ಮಹಾಸಭೆಯಲ್ಲಿ ಕುಳಿತ ಹಿರಿಯರಿಗೆ ಇಲ್ಲಿನ ವಿಧಿಗಳು ಅಪರಿಚಿತವಲ್ಲ. ಲಿಖಿತ ನಿಯಮಾವಳಿ, ಸಭೆಯ ಕೋರಂ, ನಡಾವಳಿ ಪುಸ್ತಕ, ಇಬ್ಬರ ಸಹಿಯಿಲ್ಲದೆ ಹಣ ತೆಗೆಯದ ಪದ್ಧತಿ, ವರ್ಷಾಂತ್ಯದ ಲೆಕ್ಕಪತ್ರ ಇವೆಲ್ಲ ಪರಿಷತ್ತಿಗೂ ಬೇಕು. ಆದರೆ ಒಂದು ವ್ಯತ್ಯಾಸವುಂಟು. ಸಂಘದ ಸದಸ್ಯರು ದಶಕಗಳ ಕಾಲ ಉಳಿಯುತ್ತಾರೆ, ಎಂ.ಎ., ಎಂ.ಎಸ್ಸಿ. ವಿದ್ಯಾರ್ಥಿಗಳು ನಾಲ್ಕು ಸೆಮಿಸ್ಟರ್ ಮುಗಿಸಿ ಹೊರಡುತ್ತಾರೆ. ಆದ್ದರಿಂದ ವಿಭಾಗ ಒಪ್ಪಿಕೊಂಡ ವಿಷಯಗಳು ಬರಹದಲ್ಲಿ ಉಳಿಯದಿದ್ದರೆ ಮುಂದಿನ ವರ್ಷದವರು ಅದೇ ಬೇಡಿಕೆಯನ್ನು ಮೊದಲಿನಿಂದ ಆರಂಭಿಸಬೇಕಾಗುತ್ತದೆ. ನಿರ್ಗಮಿಸುವ ಕಾರ್ಯದರ್ಶಿಯು ನಡಾವಳಿ, ಪತ್ರವ್ಯವಹಾರ ಮತ್ತು ಬಾಕಿ ವಿಷಯಗಳ ಪಟ್ಟಿಯನ್ನು ಹೊಸಬರಿಗೆ ಸಭೆಯಲ್ಲಿಯೇ ಒಪ್ಪಿಸುವುದು ಉತ್ತಮ ಸಂಪ್ರದಾಯ.

ಸ್ಥಾನಗಳ ಹಂಚಿಕೆಯಲ್ಲಿಯೂ ಎಚ್ಚರ ಅಗತ್ಯ. ಉದಾಹರಣೆಗೆ, ನಲವತ್ತು ಎಂ.ಎ. ವಿದ್ಯಾರ್ಥಿಗಳೂ ಎಂಟು ಸಂಶೋಧನಾರ್ಥಿಗಳೂ ಇರುವ ವಿಭಾಗದಲ್ಲಿ ಬರಿಯ ತಲೆಯೆಣಿಕೆ ನಡೆದರೆ ಆ ಎಂಟು ಮಂದಿಯ ದನಿ ಕೇಳಿಸದು. ಒಬ್ಬರಿಗೆ ವೇಳಾಪಟ್ಟಿಯ ಚಿಂತೆ, ಇನ್ನೊಬ್ಬರಿಗೆ ಪ್ರಯೋಗಾಲಯ ಮತ್ತು ಫೆಲೋಶಿಪ್ಪಿನ ಚಿಂತೆ. ಮೊದಲ ವರ್ಷ, ಎರಡನೆಯ ವರ್ಷ ಹಾಗೂ ಸಂಶೋಧನೆ ಎಂಬ ಮೂರು ವರ್ಗಗಳಿಗೂ ಸ್ಥಾನ ಮೀಸಲಿಡುವುದು ನ್ಯಾಯಸಮ್ಮತ.

ಮಿತಿಗಳು ಮತ್ತು ದೂರಿನ ಮಾರ್ಗ

ಅಂಕ ನೀಡಿಕೆ ಅಥವಾ ಪ್ರಬಂಧದ ಮೌಲ್ಯಮಾಪನ ಪರಿಷತ್ತಿನ ಕೆಲಸವಲ್ಲ. ಪ್ರತಿನಿಧಿಯು ತಮ್ಮದೇ ಮಾರ್ಗದರ್ಶಕರಿಗೆ ಸಂಬಂಧಿಸಿದ ವಿಷಯ ಬಂದಾಗ ಹಿಂದೆ ಸರಿದು ಮತ್ತೊಬ್ಬ ಸದಸ್ಯರಿಗೆ ಅದನ್ನು ವಹಿಸುವುದು ಯೋಗ್ಯ. ವೈಯಕ್ತಿಕ ದೂರುಗಳಿಗೆ ಯುಜಿಸಿಯ 2023ರ ನಿಯಮಗಳಂತೆ ವಿದ್ಯಾರ್ಥಿ ಕುಂದುಕೊರತೆ ನಿವಾರಣಾ ಸಮಿತಿ ಇದ್ದು, ಅದು 15 ಕೆಲಸದ ದಿನಗಳೊಳಗೆ ವರದಿ ನೀಡಬೇಕು. ಅಲ್ಲಿ ಪರಿಹಾರ ದೊರೆಯದಿದ್ದರೆ ಓಂಬುಡ್ಸ್‌ಪರ್ಸನ್ ಅವರಿಗೆ ಮೇಲ್ಮನವಿ ಸಲ್ಲಿಸಬಹುದು. ಲೈಂಗಿಕ ಕಿರುಕುಳದ ದೂರನ್ನು ಪರಿಷತ್ತು ತಾನೇ ವಿಚಾರಿಸದೆ ಆಂತರಿಕ ದೂರು ಸಮಿತಿಗೆ ಕಳುಹಿಸಬೇಕು. ವಿದ್ಯಾರ್ಥಿಗಳಿಗೆ ಸಂಬಂಧಿಸಿದ ಪ್ರಕರಣಗಳಲ್ಲಿ ಈ ಸಮಿತಿಯಲ್ಲಿ ಪದವಿ, ಸ್ನಾತಕೋತ್ತರ ಮತ್ತು ಸಂಶೋಧನೆ ಹಂತಗಳಿಂದ ಚುನಾಯಿತರಾದ ಮೂವರು ವಿದ್ಯಾರ್ಥಿಗಳಿರಬೇಕೆಂದು 2015ರ ನಿಯಮಗಳು ಹೇಳುತ್ತವೆ.

"ಓದಿನ ನಡುವೆ ಇದೆಲ್ಲ ಏಕೆ?" ಎಂದು ಮಕ್ಕಳಿಗೆ ಹೇಳುವ ಪಾಲಕರ ಕಾಳಜಿ ನಮಗೆ ಅರ್ಥವಾಗುತ್ತದೆ. ಆದರೆ ಬಾಕಿ ಉಳಿದ ಫೆಲೋಶಿಪ್, ಸಂಜೆಗೇ ಮುಚ್ಚುವ ಗ್ರಂಥಾಲಯ, ತಡವಾಗುವ ಪ್ರಬಂಧ ಇವೂ ಓದಿನ ವಿಷಯಗಳೇ. ಸಭೆ ನಡೆಸಿ, ನಡಾವಳಿ ಬರೆದು, ಲೆಕ್ಕ ಒಪ್ಪಿಸಲು ಕಲಿತ ಯುವಜನರು ನಾಳೆ ನಮ್ಮ ಸಂಘ ಸಂಸ್ಥೆಗಳನ್ನೂ ಸಮರ್ಥವಾಗಿ ನಡೆಸಬಲ್ಲರು ಎಂಬುದರಲ್ಲಿ ಸಂದೇಹವಿಲ್ಲ.