ಹಿತ್ತಲ ಸ್ಟ್ರಾಬೆರಿಯ ಪೂರ್ವಿಕರು

ಇಂದು ಹಿತ್ತಲ ಪಾತಿಯಲ್ಲೋ ಬಾಲ್ಕನಿಯ ಕುಂಡದಲ್ಲೋ ಬೆಳೆಯುವ ದಪ್ಪ ಸ್ಟ್ರಾಬೆರಿ ಕಾಡಿನಿಂದ ಬಂದ ಹಣ್ಣಲ್ಲ. ಅದರ ತಂದೆತಾಯಿ ಎರಡೂ ಅಮೆರಿಕದ ಮಣ್ಣಿನವು. ಅವು ಕೂಡಿದ್ದು ಮಾತ್ರ 18ನೆಯ ಶತಮಾನದ ಯುರೋಪಿನ ತೋಟಗಳಲ್ಲಿ, ಅದೂ ಯಾರೂ ಬೇಕೆಂದು ಕೂಡಿಸದೆ.

ಅದಕ್ಕೂ ಮೊದಲು ಯುರೋಪಿನವರು ತಿನ್ನುತ್ತಿದ್ದುದು ಕಾಡಂಚಿನಲ್ಲಿ ಬಿಡುವ, ಬೆರಳ ತುದಿಯಷ್ಟೇ ಇರುವ ಹಣ್ಣು. ಕಾಡಿನ ಗಿಡಗಳನ್ನು ಕಿತ್ತು ತಂದು ಮನೆತೋಟದಲ್ಲಿ ನೆಡುವ ರೂಢಿ ಹಳೆಯದು. ಫ್ರಾನ್ಸಿನ ಐದನೆಯ ಚಾರ್ಲ್ಸ್ 1368ರಲ್ಲಿ ಲೂವ್ರ್ ಅರಮನೆಯ ತೋಟದಲ್ಲಿ 1,200 ಗಿಡ ನೆಡಿಸಿದನಂತೆ. ಅರಮನೆಯ ಗೊಬ್ಬರ, ನೀರು ಸಿಕ್ಕರೂ ಹಣ್ಣು ಹೇಳಿಕೊಳ್ಳುವಂತೆ ದಪ್ಪವಾಗಲಿಲ್ಲ. 17ನೆಯ ಶತಮಾನದಲ್ಲಿ ಉತ್ತರ ಅಮೆರಿಕದಿಂದ ವರ್ಜೀನಿಯಾ ಸ್ಟ್ರಾಬೆರಿ ಬಂತು. ಬಣ್ಣ ಕಡುಗೆಂಪು, ಪರಿಮಳ ಚೆನ್ನ, ಗಾತ್ರ ತುಸು ಹೆಚ್ಚು ಅಷ್ಟೆ.

ಗಾತ್ರ ಬಂದದ್ದು ಚಿಲಿಯಿಂದ. ಅಲ್ಲಿನ ಮಪುಚೆ ಜನ ದೊಡ್ಡ ಹಣ್ಣಿನ, ಬಿಳಿಚು ಬಣ್ಣದ ಸ್ಟ್ರಾಬೆರಿಯನ್ನು ಸ್ಪೇನಿನವರು ಬರುವ ಮುಂಚಿನಿಂದಲೂ ಬೆಳೆಯುತ್ತಿದ್ದರು. 1712ರಲ್ಲಿ ಫ್ರಾನ್ಸಿನ ಸೇನಾ ಎಂಜಿನಿಯರ್ ಅಮೆದೆ ಫ್ರಾಂಸ್ವಾ ಫ್ರೆಜಿಯೆ ವ್ಯಾಪಾರಿಯ ಸೋಗಿನಲ್ಲಿ ಆ ಕರಾವಳಿಗೆ ಹೋದ. ನಿಜವಾದ ಕೆಲಸ ಸ್ಪೇನಿನ ಕೋಟೆಗಳ ಲೆಕ್ಕ ತೆಗೆಯುವುದು. ಫ್ರೆಂಚ್ ಭಾಷೆಯಲ್ಲಿ ಸ್ಟ್ರಾಬೆರಿಗೆ 'ಫ್ರೇಜ್' ಎನ್ನುತ್ತಾರೆ; ಗೂಢಚಾರನ ಹೆಸರಿನಲ್ಲೇ ಹಣ್ಣು ಅಡಗಿತ್ತು. ಕಾನ್ಸೆಪ್ಸಿಯಾನ್ ಊರಿನ ಬಳಿ ಕಂಡ ಗಿಡಗಳಲ್ಲಿ ಕೆಲವನ್ನು ಅವನು ಹಡಗಿಗೆ ಏರಿಸಿದ. ಸುಮಾರು ಆರು ತಿಂಗಳ ಪಯಣ. ಕುಡಿಯಲು ಕೂಡ ಅಳೆದು ಕೊಡುವ ಸಿಹಿನೀರಿನಲ್ಲಿ ಗಿಡಗಳಿಗೂ ಪಾಲು ಸಲ್ಲಬೇಕಿತ್ತು. 1714ರ ಆಗಸ್ಟ್‌ನಲ್ಲಿ ಮಾರ್ಸೇ ಬಂದರು ಸೇರುವಾಗ ಉಳಿದದ್ದು ಐದು ಗಿಡ. ಎರಡನ್ನು ನೀರು ಒದಗಿಸಿದ ಹಡಗಿನ ಅಧಿಕಾರಿಗೆ ಕೊಟ್ಟ, ಒಂದು ಪ್ಯಾರಿಸ್ಸಿನ ರಾಜೋದ್ಯಾನಕ್ಕೆ ಹೋಯಿತು, ಒಂದು ಮೇಲಧಿಕಾರಿಗೆ ಕಾಣಿಕೆಯಾಯಿತು, ಒಂದು ತನಗೆ.

ಗಿಡಗಳು ಸೊಂಪಾಗಿ ಬೆಳೆದವು, ಹೂಬಿಟ್ಟವು. ಕಾಯಿ ಮಾತ್ರ ಇಲ್ಲ. ಪರಂಗಿಯಲ್ಲಿ ಗಂಡು ಮರ, ಹೆಣ್ಣು ಮರ ಬೇರೆ ಇರುವ ಹಾಗೆ ಚಿಲಿಯ ಸ್ಟ್ರಾಬೆರಿಯಲ್ಲೂ ಗಂಡು, ಹೆಣ್ಣು ಬೇರೆ ಬೇರೆ. ಫ್ರೆಜಿಯೆ ಜಾಣತನದಿಂದ ಹಣ್ಣು ಬಿಟ್ಟಿದ್ದ ಗಿಡಗಳನ್ನೇ ಆರಿಸಿರಬೇಕು. ಹಾಗೆ ಆರಿಸಿದರೆ ಬರುವುದು ಹೆಣ್ಣು ಗಿಡಗಳೇ. ಮೇಲಾಗಿ ಸ್ಟ್ರಾಬೆರಿ ಹರಡುವುದು ನೆಲದ ಮೇಲೆ ಹಬ್ಬಿ ಗಿಣ್ಣಿನಲ್ಲಿ ಬೇರು ಬಿಡುವ ಕುಡಿಗಳಿಂದ. ಕುಡಿಯಿಂದ ಬೆಳೆದದ್ದು ತಾಯಿಯ ಪಡಿಯಚ್ಚು. ಹಾಗಾಗಿ ಹಂಚಿದ ಕಡೆಯಲ್ಲೆಲ್ಲ ಬಂಜೆತನವನ್ನೂ ಹಂಚಿದಂತಾಯಿತು.

ತೊಡಕು ಬಿಡಿಸಿಕೊಂಡವರು ಫ್ರಾನ್ಸಿನ ಬ್ರಿಟನಿ ಸೀಮೆಯ ರೈತರು. ಬ್ರೆಸ್ಟ್ ಬಂದರಿನ ಎದುರಿನ ಪ್ಲೂಗಾಸ್ಟೆಲ್ ಸುತ್ತ ಚಿಲಿಯ ಗಿಡಗಳ ನಡುವೆ ವರ್ಜೀನಿಯಾ ಸ್ಟ್ರಾಬೆರಿಯೂ ಇದ್ದ ಕಡೆ ಕಾಯಿ ಕಟ್ಟುವುದನ್ನು ಅವರು ಕಂಡುಕೊಂಡರು. ಕಾರಣ ಬರೆದಿಟ್ಟದ್ದು ವರ್ಸೇಯ ಹುಡುಗ ಆಂಟ್ವಾನ್ ನಿಕೊಲಾ ದ್ಯುಶೇನ್. 1764ರಲ್ಲಿ, ಹದಿಹರೆಯದಲ್ಲೇ, ಅವನು ಚಿಲಿಯ ಹೆಣ್ಣು ಗಿಡಕ್ಕೆ ಬೇರೊಂದು ಜಾತಿಯ ಪರಾಗ ಸೇರಿಸಿ ಬಂದ ದೊಡ್ಡ ಹಣ್ಣುಗಳನ್ನು ದೊರೆ ಹದಿನೈದನೆಯ ಲೂಯಿಗೆ ಒಪ್ಪಿಸಿದ. ದೊರೆ ಮೆಚ್ಚಿ, ವರ್ಸೇಯ ತ್ರಿಯಾನೊನ್ ತೋಟಕ್ಕೆ ಯುರೋಪಿನ ತಳಿಗಳನ್ನೆಲ್ಲ ಕಲೆಹಾಕಲು ಅನುಮತಿ ಕೊಟ್ಟ. 1766ರ ಗ್ರಂಥದಲ್ಲಿ ದ್ಯುಶೇನ್ ಇನ್ನೊಂದು ಗುಟ್ಟನ್ನೂ ಬಿಡಿಸಿದ: ಕೆಲವು ವರ್ಷಗಳಿಂದ ತೋಟಗಳಲ್ಲಿ ಕಾಣಿಸುತ್ತಿದ್ದ, ಅನಾನಸ್ ವಾಸನೆಯ ಹೊಸ ಸ್ಟ್ರಾಬೆರಿ ಚಿಲಿ ಮತ್ತು ವರ್ಜೀನಿಯಾ ಗಿಡಗಳ ಮಿಶ್ರ ಸಂತಾನ. ಸಸ್ಯಶಾಸ್ತ್ರದಲ್ಲಿ ಇಂದಿಗೂ ಅದರ ಹೆಸರು 'ಅನನಾಸ'. ಕನ್ನಡಿಗರ ನಾಲಗೆಗೆ ಇದು ಹೊಸ ಪದವೇನಲ್ಲ.

ದೊಡ್ಡ ತಳಿಗಳು ಬಂದದ್ದು ಮುಂದಿನ ಶತಮಾನದಲ್ಲಿ. ಲಂಡನ್ ಬಳಿಯ ಐಲ್‌ವರ್ತ್‌ನಲ್ಲಿ ತರಕಾರಿ ಬೆಳೆಯುತ್ತಿದ್ದ ಮೈಕಲ್ ಕೀನ್ಸ್ 1820ರ ಆಸುಪಾಸಿನಲ್ಲಿ ಹೊರತಂದ ತಳಿ ಯುರೋಪಿನಾದ್ಯಂತ ಹಬ್ಬಿತು. ಅಮೆರಿಕದಲ್ಲಿ 1830ರ ದಶಕದಲ್ಲಿ ಚಾರ್ಲ್ಸ್ ಹೋವಿಯ ತಳಿ ಹೆಸರಾಯಿತು. ಆದರೆ ಅದರ ಹೂವೂ ಹೆಣ್ಣೇ. ಒಂಟಿಯಾಗಿ ನೆಟ್ಟವರು ಬರಿಗೈಯಾದರು. ಪಕ್ಕದಲ್ಲಿ ಪರಾಗದ ಗಿಡ ಬೇಕೇ ಬೇಡವೇ ಎಂದು 1840ರ ದಶಕದಲ್ಲಿ ಹೋವಿಗೂ ಸಿನ್ಸಿನಾಟಿಯ ನಿಕೊಲಸ್ ಲಾಂಗ್‌ವರ್ತ್‌ಗೂ ಪತ್ರಿಕೆಗಳಲ್ಲಿ ಜಗಳವೇ ನಡೆಯಿತು. ದ್ಯುಶೇನ್ ಬರೆದು ಆಗಲೇ ಮುಕ್ಕಾಲು ಶತಮಾನ ಕಳೆದಿತ್ತು! 1850ರ ದಶಕದಲ್ಲಿ ಆಲ್ಬನಿಯ ಜೇಮ್ಸ್ ವಿಲ್ಸನ್‌ನ ತಳಿ ಬಂದ ಮೇಲೆ ಆ ಜಗಳಕ್ಕೆ ಅರ್ಥ ಉಳಿಯಲಿಲ್ಲ. ಅದರ ಒಂದೇ ಹೂವಿನಲ್ಲಿ ಗಂಡು ಹೆಣ್ಣು ಎರಡೂ ಇದ್ದವು. ಒಂದು ಪಾತಿಗೆ ಒಂದೇ ತಳಿ ಸಾಕಾಯಿತು.

ಭಾರತದಲ್ಲಿ ಸ್ಟ್ರಾಬೆರಿ ನೆಲೆಯೂರಿದ್ದು ಕೃಷ್ಣೆ ಹುಟ್ಟುವ ಮಹಾಬಳೇಶ್ವರದಲ್ಲಿ, ಬ್ರಿಟಿಷರ ಗಿರಿಧಾಮದ ದಿನಗಳಲ್ಲಿ. ಅಲ್ಲಿನ ಹಣ್ಣಿಗೆ 2010ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಅಲ್ಲಿ ನಾಟಿ ಮಳೆ ಹಿಂದೆಗೆದ ಮೇಲೆ, ಕೊಯ್ಲು ಚಳಿಗಾಲದಲ್ಲಿ. ಬಯಲುಸೀಮೆಯ ಕುಂಡಗಳಿಗೂ ಇದೇ ಲೆಕ್ಕ. ಈಗಿನ ತಳಿಗಳಿಗೆ ಜೊತೆಗಿಡ ಬೇಕಿಲ್ಲ, ಜೇನ್ನೊಣ ಬೇಕು. ಹಣ್ಣಿನ ಮೈಮೇಲಿನ ಒಂದೊಂದು ಬೀಜಕ್ಕೂ ಪರಾಗ ತಲುಪಿದರೇ ಅದರ ಸುತ್ತಲಿನ ತಿರುಳು ಉಬ್ಬುತ್ತದೆ; ತಲುಪದ ಕಡೆ ಹಣ್ಣು ಸೊಟ್ಟಗಾಗುತ್ತದೆ.